ಮಾರಿಯ ಸಂಗಡ ಹೋದವಳು

ಯಾತ್ರೆಗೆ ಹೋಗುವವರನ್ನು ಕೆರಿಯ ಬೇಕಾದಷ್ಟು ನೋಡಿದ್ದ. ಶಿವರಾತ್ರಿಗೆ ಗಾಡಿ ಕಟ್ಟಿಕೊಂಡು ಗೋಕರ್ಣಕ್ಕೆ ಹೊರಡುವವರು, ಉಳವಿಗೆ ನಡೆದೇ ಹೋಗುವವರು, ಸೋಂದಾ ಮಠಕ್ಕೆ ಬಾಳೆಗೊನೆ ಹೊತ್ತು ಹೋಗುವವರು, ಎಲ್ಲರೂ ಅವನ ಕಣ್ಣ ಮುಂದೆಯೇ ಹಾದು ಹೋದವರು. ಈಚೆಗೆ ಕಾನಸೂರಿನ ರಸ್ತೆಯಲ್ಲಿ ಮೋಟಾರೂ ಶುರುವಾಗಿತ್ತು. ಜೋಗದಲ್ಲಿ ನೀರು ಬೀಳುವುದನ್ನು ನೋಡಲು ಹುಬ್ಬಳ್ಳಿ ಕಡೆಯ ವಕೀಲರು, ಟೋಪಿಯ ಸಾಹೇಬರು ಬುಟ್ಟಿ ತುಂಬ ತಿಂಡಿ ಕಟ್ಟಿಕೊಂಡು ಧೂಳೆಬ್ಬಿಸುತ್ತ ಹೋಗುವರು. ನೀರು ಬೀಳುವುದನ್ನು ನೋಡಲು ಅಷ್ಟು ದೂರ ಹೋಗಬೇಕೇ, ಆಷಾಢದಲ್ಲಿ ನಮ್ಮ ಮಾಡಿನಿಂದಲೇ ಬೀಳುತ್ತದಲ್ಲ ಎಂಬುದು ಕೆರಿಯನ ಲೆಕ್ಕ. ಆದರೆ ಮಾರಿಯ ಹಿಂದೆ ಯಾತ್ರೆ ಹೋದವರನ್ನು ಅವನೂ ಕಂಡಿರಲಿಲ್ಲ, ಅವನ ಅಜ್ಜನೂ ಕಂಡಿರಲಿಲ್ಲ. ಆ ಕೆಲಸ ಮಾಡಿದವಳು ಅವನ ಸ್ವಂತ ಅಕ್ಕ ದ್ಯಾವಮ್ಮ.

ಮಾರಿ ಸಾಗಿಸುವುದನ್ನು ನೋಡದವರಿಗೆ ಮೊದಲು ಅದನ್ನು ಹೇಳಬೇಕು. ಊರಿನಲ್ಲಿ ಸಿಡುಬು ಎದ್ದರೆ ಹಾಲವಾಣದ ಮರದಲ್ಲಿ ಮೊಳದುದ್ದದ ಗೊಂಬೆ ಕೆತ್ತಿಸುತ್ತಾರೆ. ಅದಕ್ಕೆ ಅರಿಶಿನ ಬಳಿದು, ಹಸಿರು ಖಣ ಸುತ್ತಿ, ಊರಿನ ಮುತ್ತೈದೆಯರೆಲ್ಲ ‘ನಮ್ಮ ಮನೆ ಮಗಳೇ, ಸುಖವಾಗಿ ಹೋಗಿ ಬಾ’ ಎಂದು ಉಡಿ ತುಂಬುತ್ತಾರೆ. ಬಾ ಎನ್ನುವುದು ಬಾಯಿಮಾತು, ಬಂದುಬಿಟ್ಟಾಳೆಂದು ಎಲ್ಲರಿಗೂ ಹೆದರಿಕೆ. ಆಮೇಲೆ ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯನ್ನು ಬಿದಿರಿನ ಗಳಕ್ಕೆ ಕಟ್ಟಿ, ಡೋಲು ಬಡಿಯುತ್ತ ಗಡಿಕಲ್ಲಿನ ಆಚೆ ಇಳಿಸಿ ಬರುತ್ತಾರೆ. ಬರುವಾಗ ತಿರುಗಿ ನೋಡುವಂತಿಲ್ಲ. ಡೋಲಿನ ಸದ್ದು ಕೇಳಿದ ಆಚೆ ಊರಿನವರು ಓಡಿ ಬಂದು ಬುಟ್ಟಿ ಎತ್ತಿ, ಹೊತ್ತು ಮುಳುಗುವ ಮೊದಲು ತಮ್ಮ ಊರನ್ನು ದಾಟಿಸಿ ಅದರಾಚೆಯ ಗಡಿಯಲ್ಲಿ ಇಡಬೇಕು. ಮಾರಿಯ ಸಂಗಡ ಬಂದದ್ದು ಒಂದು ಅಡಿಕೆ ಹೋಳೂ ಊರಿನಲ್ಲಿ ಉಳಿಯಬಾರದು. ಕೋಳಿ ಕಟ್ಟಿ ಕಳಿಸಿದ್ದರೆ ಕೋಳಿಯೂ ಮುಂದೆ ಹೋಗಬೇಕು. ಹೀಗೆ ಊರಿಂದ ಊರಿಗೆ ಸಾಗಿ ಮಾರಿ ಕೊನೆಗೆ ಎಲ್ಲಿಗೆ ಮುಟ್ಟುತ್ತಾಳೆ ಎಂದು ಕೇಳಿದವರಿಲ್ಲ. ನಮ್ಮ ಗಡಿ ದಾಟಿತಲ್ಲ, ಸಾಕು.

ಕೇಳಿದವಳು ದ್ಯಾವಮ್ಮ ಒಬ್ಬಳೇ. ಸಣ್ಣ ಹುಡುಗಿಯಾಗಿದ್ದಾಗ ಅಪ್ಪನ ಹೆಗಲ ಮೇಲಿಂದ ಅವಳು ತಿರುಗಿ ನೋಡಿಬಿಟ್ಟಿದ್ದಳು. ಮಾರಿ ಕಲ್ಲಿನ ಹತ್ತಿರ ಒಬ್ಬಳೇ ಕೂತಿದ್ದಳಂತೆ, ಒಂದು ನಾಯಿ ಉಡಿಯ ಅಕ್ಕಿ ಮೂಸುತ್ತಿತ್ತಂತೆ. “ಅಪ್ಪಾ, ಅವಳು ಎಲ್ಲಿಗೆ ಹೋತಾಳೆ?” ಎಂದು ಕೇಳಿದ್ದಕ್ಕೆ ಬೆನ್ನಿಗೊಂದು ಬಿತ್ತು. ಪೆಟ್ಟಿನ ಉರಿ ಸಂಜೆಗೆ ಆರಿತು, ಪ್ರಶ್ನೆ ಆರಲಿಲ್ಲ.

ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅವಳಿಗೆ ಅರವತ್ತರ ಹತ್ತಿರ. ಗಂಡ ಸತ್ತು ಎಷ್ಟೋ ಕಾಲವಾಗಿತ್ತು. ಮೈದುನನ ಮನೆ, ಅಲ್ಲಿಂದ ನಾದಿನಿಯ ಮನೆ, ಅಲ್ಲಿಂದ ತವರು ಎಂದು ತಿರುಗಿ ಈಗ ಹಲಸಿನಗದ್ದೆಯಲ್ಲಿ ತಮ್ಮನ ಜೊತೆ ಇದ್ದಳು. ತಾಯಿ ಬೇಗ ಹೋದದ್ದರಿಂದ ಕೆರಿಯನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ. ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ. ಆ ವರ್ಷ ಸಿಡುಬು ಊರನ್ನು ಚೆನ್ನಾಗಿಯೇ ಕಾಡಿತ್ತು. ಪಟೇಲ ಮಧುಕೇಶ್ವರ ಹೆಗಡೆಯವರ ತೊಟ್ಟಿಲ ಕೂಸೂ ಹೋಯಿತು. ಮಾರಿಗೆ ಉಡಿ ತುಂಬುವ ದಿನ ಪಟೇಲರ ಹೆಂಡತಿ ಪರಿಮಳಾ ಎಲ್ಲರಿಗಿಂತ ಮೊದಲು ಬಂದು, ಮಾತಿಲ್ಲದೆ ಉಡಿ ತುಂಬಿ, ಮಾತಿಲ್ಲದೆ ಹೋದರು. ದ್ಯಾವಮ್ಮ ವಿಧವೆ, ಉಡಿ ತುಂಬುವಂತಿಲ್ಲ. ದೂರದಲ್ಲಿ ಹುಣಸೆಮರದ ಕೆಳಗೆ ನಿಂತಿದ್ದಳು. ಡೋಲು ನಿಂತಿತು, ಊರಿಗೆ ಊರೇ ಬೆನ್ನು ತಿರುಗಿಸಿ ಮನೆಯ ಕಡೆ ನಡೆಯಿತು. ತಿರುಗಿ ನೋಡುವಂತಿಲ್ಲವಲ್ಲ, ಹಾಗಾಗಿ ದ್ಯಾವಮ್ಮ ಮತ್ತೊಂದು ದಿಕ್ಕಿಗೆ ಕುಂಟುತ್ತ ಹೋದದ್ದನ್ನು ಯಾರೂ ನೋಡಲಿಲ್ಲ.

ಕೆರಿಯನ ಹೆಂಡತಿ ದುರ್ಗಮ್ಮ ಊಟಕ್ಕೆ ಬಡಿಸುವಾಗ ಅತ್ತಿಗೆ ಇಲ್ಲವೆಂದು ಗೊತ್ತಾಯಿತು. ದನ ಕಾಯುವವನೊಬ್ಬ ಸುದ್ದಿ ತಂದ. ಸುದ್ದಿ ಪಟೇಲರ ಜಗಲಿಗೆ ಮೊದಲು ಮುಟ್ಟಿತು.

ಪಟೇಲರು ಕೆಟ್ಟವರಲ್ಲ. ಮಗುವನ್ನು ಮಣ್ಣು ಮಾಡಿ ಬಂದವರು, ಹೆದರಿದ್ದರು. “ಕೆರಿಯಾ, ನೀ ಈಗಲೇ ಓಡು. ಆಚೆ ಊರಿನವರು ಅವರ ಊರು ದಾಟ್ಸೂದ್ರೊಳಗೆ ಅಕ್ಕನ್ನ ಕರ್ಕೊಂಡು ಬಂದ್ರೆ ಬಂತು. ದಾಟಿದ್ಲು ಅಂದ್ರೆ ಅವಳು ಮಾರಿ ಸಂಗಡದವಳು. ಮತ್ತೆ ಈ ಊರಲ್ಲಿ ಅವಳಿಗೆ ಜಾಗ ಇಲ್ಲೆ. ಅವಳ ಬೆನ್ನಿಗೆ ಮಾರಿನೂ ತಿರುಗಿ ಬಂದ್ರೆ ಯಾರ ಮನೆ ತೊಟ್ಟಿಲು ಉಳಿತು, ಹೇಳು?”

ಕೆರಿಯ ಹೇಳುವುದೇನು? ಅವನು ಎದುರು ಮಾತಾಡಿದ ದಾಖಲೆ ಊರಿನಲ್ಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದ. ಅಕ್ಕ ಊರಿಲ್ಲದವಳಾದರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋದಾಳು ಎಂಬುದೊಂದೇ ಅವನ ಎದೆಯಲ್ಲಿ ಕುಟ್ಟುತ್ತಿತ್ತು.

ದ್ಯಾವಮ್ಮ ಬುಟ್ಟಿಯ ಪಕ್ಕ ಕಾಲು ಚಾಚಿ ಕೂತು ಎಲೆ ಮೆಲ್ಲುತ್ತಿದ್ದಳು.

“ಅಕ್ಕಾ, ಏಳು. ಮನೆಗೆ ಹೋಗಣ.”

“ನೀ ಹೋಗು. ನಾ ಈ ಕೂಸಿನ ಸಂಗಡ ಹೋತೆ.”

“ಅದು ಕೂಸಲ್ಲ ಮಾರಾಯ್ತಿ, ಮಾರಿ!”

“ಮಾರಿ ಆದ್ರೆಂತ? ಬೆಳಿಗ್ಗೆ ಮಗಳೇ ಮಗಳೇ ಅಂತ ಉಡಿ ತುಂಬಿದ್ರಲ್ಲ. ಮಗಳನ್ನ ಕಳಿಸುವಾಗ ಜೊತೆಗೊಬ್ರು ಹೋಗೂದಿಲ್ಲನ? ನಿನ್ನ ಹುಡುಗಿ ಮದುವೆಲಿ ಹತ್ತು ಜನ ಹೋಗಿ ಮೂರು ದಿನ ಉಂಡು ಬಂದ್ರು. ಇವಳನ್ನ ಕಲ್ಲಿನ ಹತ್ರ ಇಟ್ಟು ಕಳ್ಳರ ಹಂಗೆ ಓಡಿದ್ರಿ.”

ಕೆರಿಯ ಪಟೇಲರ ಮಾತನ್ನು ಹೇಳಿದ. ದ್ಯಾವಮ್ಮನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. ಊರು ಬಿಡುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಲಸಿನಗದ್ದೆಯ ಕಡೆ ನೋಡಿದಳು.

“ಆಸೆ ಕಣಾ ಕೆರಿಯಾ,” ಎಂದಳು. “ನಂಗೆ ನೋಡ್ಬೇಕು. ಸಾಯೂದ್ರೊಳಗೆ ಇದೊಂದು ನೋಡ್ಬೇಕು. ಊರಿನ ಮಾತು, ಅದು ತಿರುಗಿ ಬಂದ ಮೇಲೆ ನೋಡ್ಕಂಡ್ರಾಯ್ತು.”

ಅವನು ಅವಳ ಕೈ ಹಿಡಿದು ಎಳೆಯುತ್ತಿರುವಾಗಲೇ ಆಚೆ ಊರಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದರು. ಬುಟ್ಟಿಯ ಹತ್ತಿರ ಇಬ್ಬರು ಮನುಷ್ಯರನ್ನು ಕಂಡು ತಬ್ಬಿಬ್ಬಾದರು. ಅವರಲ್ಲಿ ಹಿರಿಯನಾದ ತಿಮ್ಮ ಎಂಬುವನು ದೂರದಿಂದಲೇ ಬೆರಳು ಮಡಚಿದ. “ಬುಟ್ಟಿ, ಮೊರ, ಕೋಳಿ, ಅಜ್ಜಿ... ಹ್ವಾಯ್, ಈ ಗಂಡಸೂ ಸೇರ್ತದಾ?”

“ಇಲ್ಲ ಇಲ್ಲ, ನಾವು ಮನುಷ್ಯರು!” ಎಂದ ಕೆರಿಯ.

“ಅದು ಕಾಣ್ತದೆ. ಆದ್ರೆ ಮಾರಿ ಸಂಗಡ ಇಟ್ಟಿದ್ದಾರಲ್ಲ. ಬಿಟ್ಟು ಹೋಗಂಗಿಲ್ಲ ಮಾರಾಯ. ನಮ್ಮೂರಲ್ಲಿ ಒಂದು ಸಾಮಾನೂ ಉಳಿಯಂಗಿಲ್ಲ.”

“ಹಂಗೇ ಮತ್ತೆ,” ಎಂದಳು ದ್ಯಾವಮ್ಮ. “ಆದ್ರೆ ನಂಗೆ ಮೊಣಕಾಲು ನೋವು. ನಡಿಯೂಕಾಗೂದಿಲ್ಲ.”

ಮುಂದೆ ಆದದ್ದನ್ನು ಕೆರಿಯ ಸಾಯುವವರೆಗೂ ನೆನೆದು ನಗುತ್ತಿದ್ದ. ಅವರು ಮತ್ತೊಂದು ಗಳ ಕಡಿದರು, ಕಂಬಳಿಯಿಂದ ಜೋಲಿ ಕಟ್ಟಿದರು, ದ್ಯಾವಮ್ಮನನ್ನು ಅದರಲ್ಲಿ ಕೂರಿಸಿ ಹೆಗಲೇರಿಸಿದರು. ಮುಂದೆ ಮಾರಿ, ಹಿಂದೆ ದ್ಯಾವಮ್ಮ, ಜೋಲಿಯ ತುದಿ ಹಿಡಿದು ‘ಇಳಿಸ್ರಾ, ಇಳಿಸ್ರಾ’ ಎಂದು ಕೂಗುತ್ತ ಕೆರಿಯ. ಕೂಗು ಡೋಲಿನಲ್ಲಿ ಮುಳುಗಿಹೋಯಿತು. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಅವನು ಆ ಊರಿನ ಆಚೆಯ ಗಡಿಯಲ್ಲಿ ನಿಂತಿದ್ದ. ಅಕ್ಕನನ್ನು ಉಳಿಸಲು ಬಂದವನು ತಾನೂ ಊರು ಕಳೆದುಕೊಂಡಿದ್ದ.

ಅಲ್ಲಿ ಕೂತು ಅತ್ತುಬಿಡೋಣ ಎನ್ನಿಸಿತು ಅವನಿಗೆ. ದ್ಯಾವಮ್ಮ ಮಾತ್ರ ಜೋಲಿಯಿಂದ ಇಳಿದು ಸೆರಗು ಕೊಡವಿಕೊಂಡಳು. “ಆ ಊರಲ್ಲಿ ಬಾವಿಗೆ ಎರಡು ರಾಟೆ ಇದ್ದು ನೋಡಿದ್ಯಾ? ಎರಡು ಕಡೆಯಿಂದ್ಲೂ ಸೇದ್ಬಹುದು. ನಮ್ಮೂರವರಿಗೆ ಇಷ್ಟು ವರ್ಷ ಆದ್ರೂ ಹೊಳಿಲಿಲ್ಲ.”

ಅವಳ ಪ್ರವಾಸ ಹೀಗೆ ಶುರುವಾಯಿತು. ಒಮ್ಮೆ ಹೊರಟ ಮೇಲೆ ತಡೆಯುವವರೇ ಇರಲಿಲ್ಲ. ಏಕೆಂದರೆ ಒಂದು ಊರಿನವರು ಹೊತ್ತು ತಂದಿಟ್ಟದ್ದನ್ನು ಮುಂದಿನ ಊರಿನವರು ಹೊರಲೇಬೇಕು. ಜೋಲಿಯನ್ನೂ ಜೋಲಿಯೊಳಗಿನ ಅಜ್ಜಿಯನ್ನೂ ಎರಡನೆಯ ಊರು ಪ್ರಶ್ನೆ ಮಾಡಲಿಲ್ಲ, ಮೂರನೆಯ ಊರು ಅದೇ ಪದ್ಧತಿ ಇರಬೇಕೆಂದು ತಿಳಿಯಿತು, ಅದರ ಮುಂದಿನ ಊರಿನಲ್ಲಿ ‘ಈ ಸಲ ಅಜ್ಜಿ ಬರ್ತಾಳಂತೆ’ ಎಂದು ಮೊದಲೇ ಸುದ್ದಿ ಹೋಗಿ ಜೋಲಿಗೆ ಹೊಸ ಕಂಬಳಿ ಸಿದ್ಧವಾಗಿತ್ತು. ರಾವಬಹದ್ದೂರರಿಗೂ ಸಿಗದ ಮೇನೆ ಹಲಸಿನಗದ್ದೆಯ ದ್ಯಾವಮ್ಮನಿಗೆ ಸಿಕ್ಕಿತು. ಊರೂರಿನಲ್ಲಿ ಹೆಂಗಸರು ದೂರದಿಂದ ಬಾಳೆಲೆಯಲ್ಲಿ ಅನ್ನ, ಮಜ್ಜಿಗೆ ಇಟ್ಟು ಕೈ ಮುಗಿಯುವರು. ಮಾರಿ ಉಣ್ಣುವುದಿಲ್ಲವೆಂದು ಎಲ್ಲರಿಗೂ ಗೊತ್ತು, ದ್ಯಾವಮ್ಮ ಉಣ್ಣುತ್ತಾಳೆಂದು ಎಲೆ ಖಾಲಿಯಾದ ಮೇಲೆ ಗೊತ್ತಾಗುತ್ತಿತ್ತು.

ಕಾನಸೂರಿನ ಹತ್ತಿರ ಒಂದು ಮೋಟಾರು ಎದುರಾಯಿತು. ಡೋಲು, ಬುಟ್ಟಿ, ಗಾಳಿಯಲ್ಲಿ ತೂಗುವ ಅಜ್ಜಿಯನ್ನು ಕಂಡು ಕೋಟು ಹಾಕಿದವರೊಬ್ಬರು ತಲೆ ಹೊರಗೆ ಹಾಕಿದರು. “ಏನಜ್ಜಿ, ಸವಾರಿ ಯಾವ ಊರಿಗೆ?”

“ಗೊತ್ತಿಲ್ಲ ಒಡೆಯಾ.”

“ಗೊತ್ತಿಲ್ಲದೆ ಹೊರಟಿಯಾ?”

“ಗೊತ್ತಿದ್ರೆ ಹೋಗೂದು ಎಂತಕ್ಕೆ?” ಎಂದಳು ದ್ಯಾವಮ್ಮ.

ಕೋಟಿನವರು ತಲೆ ಒಳಗೆಳೆದುಕೊಂಡರು. ಪಕ್ಕದಲ್ಲಿದ್ದ ಅವರ ಹೆಂಡತಿ ಮಾತ್ರ ಮೋಟಾರು ತಿರುವು ದಾಟುವವರೆಗೂ ಹಿಂದಿರುಗಿ ನೋಡುತ್ತಲೇ ಇದ್ದಳು. ಆ ನೋಟದಲ್ಲಿ ಹೊಟ್ಟೆಕಿಚ್ಚಿತ್ತೆಂದು ಕೆರಿಯನಿಗೆ ಅನ್ನಿಸಿತು. ಅವನಿಗೆ ಅಂದು ಮೊದಲ ಸಲ ಅಕ್ಕನ ಬಗ್ಗೆ ಸ್ವಲ್ಪ ಜಂಬ ಬಂತು.

ದಿನವೂ ಬೆಳಿಗ್ಗೆ ಎದ್ದು ಇವತ್ತು ಹಿಂದಿರುಗೋಣ ಎಂದು ಹೇಳಬೇಕೆಂದುಕೊಳ್ಳುವನು. ಅಷ್ಟರಲ್ಲಿ ಅವಳು ಏನಾದರೂ ತೋರಿಸುವಳು. ಈ ಊರಿನವರು ಸಗಣಿಗೆ ಇದ್ದಿಲ ಪುಡಿ ಬೆರೆಸಿ ಅಂಗಳ ಬಳಿಯುತ್ತಾರೆ. ಆ ಊರಿನಲ್ಲಿ ಕರುವಿಗೆ ಗಂಟೆ ಕಟ್ಟುವುದಿಲ್ಲ, ತಾಯಿಗೆ ಕಟ್ಟುತ್ತಾರೆ. ಮತ್ತೊಂದು ಕಡೆ ‘ನಾಳೆ’ ಎನ್ನುವುದನ್ನೇ ಬೇರೆ ರಾಗದಲ್ಲಿ ಹೇಳುತ್ತಾರೆ. ಅರವತ್ತು ವರ್ಷ ಮೂರು ಅಡುಗೆಮನೆ ಬಿಟ್ಟು ಬೇರೆ ಕಾಣದ ಹೆಂಗಸಿಗೆ ಇಷ್ಟೊಂದು ಕಣ್ಣು ಎಲ್ಲಿತ್ತು ಎಂದು ಅವನಿಗೆ ಆಶ್ಚರ್ಯ. ಸಿಡುಬು ಬಂದ ಮನೆಯವರು ಅವಳನ್ನೇ ಮಾರಿಯ ಬಾಯಿ ಎಂದು ತಿಳಿದು ‘ಯಾವಾಗ ಬಿಟ್ಟು ಹೋಗ್ತಾಳೆ ತಾಯಿ?’ ಎಂದು ಕೇಳುವರು. ಸುಳ್ಳು ಹೇಳಿ ಸೀರೆ ಗಿಟ್ಟಿಸಬಹುದಿತ್ತು. ಅವಳು, “ನಂಗೆಂತ ಗೊತ್ತು ತಂಗಿ? ನಾ ಬರೀ ಜೊತೆಗೆ ಹೊಂಟವಳು. ಹುಡುಗನ ಗಂಟಲು ಒಣಗೂಕೆ ಬಿಡಬೇಡ, ಗಂಜಿ ತಿಳಿ ಕುಡಿಸ್ತಾ ಇರು,” ಎಂದು ಹೇಳಿ ಮುಂದೆ ಸಾಗುವಳು.

ಒಂದು ದಿನ ಕೆರಿಯ ಧೈರ್ಯ ಮಾಡಿ ಕೇಳಿದ. “ಅಕ್ಕಾ, ನಿನ್ನನ್ನೂ ಹೀಂಗೇ ಮನೆಯಿಂದ ಮನೆಗೆ ಸಾಗಿಸಿದ್ರು ಅಂತ ಇವಳ ಮೇಲೆ ಕರುಳನ?”

ದ್ಯಾವಮ್ಮ ಗಟ್ಟಿಯಾಗಿ ನಕ್ಕಳು. “ನನ್ನ ಸುದ್ದಿ ಎಂತಕ್ಕಾ? ಎಲ್ಲಾ ಹೆಂಗಸರದ್ದೂ ಅದೇ ಕತೆ. ನಂಗೆ ನೋಡ್ಬೇಕಿತ್ತು, ಹೊರಟೆ. ಗಂಡಸರು ಜೋಗ ನೋಡೂಕೆ ಹೋದ್ರೆ ಎಂತಕ್ಕೆ ಅಂತ ಯಾರಾದ್ರೂ ಕೇಳ್ತಾರನ?”

ಶಿರಸಿ ಹತ್ತಿರವಾದಾಗ ತೊಡಕು ಬಂತು. ಅದು ದೊಡ್ಡಮ್ಮನ ಪೇಟೆ. ದೊಡ್ಡ ಮಾರಿಯ ಊರಿನೊಳಗೆ ಹಳ್ಳಿಯ ಚಿಕ್ಕ ಮಾರಿ ಡೋಲು ಬಡಿಸಿಕೊಂಡು ಹೋಗುವಂತಿಲ್ಲ. ಮೇಲಾಗಿ ಪೇಟೆಯಲ್ಲಿ ಯಾವ ಗಡಿ ಯಾರದೆಂದು ಹೇಳುವವರಾರು? ಹೊತ್ತು ತಂದವರು ಬುಟ್ಟಿಯನ್ನು ಊರ ಹೊರಗಿನ ಆಲದ ಮರದಡಿ ಇಟ್ಟು, “ಇಲ್ಲಿಂದ ಗಾಡಿಯವ್ರು ನೋಡ್ಕಂತಾರೆ,” ಎಂದು ಹೋದರು.

ಗಾಡಿಯವರು ಎಂದರೆ ಅಬ್ದುಲ್ ರಜಾಕ್. ಅಡಿಕೆ ಮೂಟೆ ಸಾಗಿಸುವ ಮುದುಕ, ಬಿಳಿ ಗಡ್ಡ, ಬಾಯಿ ತುಂಬ ನಗು. ಹಿಂದೂ ಗಾಡಿಯವರು ಹೆದರಿ ಮುಟ್ಟದ ಈ ಹೊರೆಯನ್ನು ಅವನ ತಂದೆಯ ಕಾಲದಿಂದಲೂ ಆ ಮನೆಯವರೇ ಪೇಟೆಯ ಹಿಂದಿನ ದಾರಿಯಿಂದ ಸೋಂದಾ ರಸ್ತೆಗೆ ಮುಟ್ಟಿಸುತ್ತಿದ್ದರು. ಮಾರಿಯನ್ನು ಅವನು ಎರಡೂ ಕೈಯಲ್ಲಿ ಎತ್ತಿ ಹುಲ್ಲು ಹಾಸಿದ ಜಾಗದಲ್ಲಿ ಇಟ್ಟ.

“ನಿನಗೆ ಹೆದರಿಕೆ ಇಲ್ಲನ ಸಾಬಣ್ಣಾ?” ಎಂದು ಕೆರಿಯ ಕೇಳಿದ.

“ನಮ್ಮ ಅಬ್ಬಾ ಹೇಳ್ತಿದ್ರು, ಗಾಡಿಯವನು ಸವಾರಿಯ ಜಾತಿ ಕೇಳಬಾರದು, ದೂರ ಕೇಳಬೇಕು ಅಂತ. ಹತ್ರಿ ಅಕ್ಕಾ, ಇಷ್ಟು ವರ್ಷದಲ್ಲಿ ಈ ಸವಾರಿಗೆ ಜೊತೆ ಅಂತ ಬಂದವರು ನೀವೇ ಮೊದಲು.”

ದಾರಿಯಲ್ಲಿ ಅವನ ಮನೆಯ ಮುಂದೆ ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದ. ಅವನ ಹೆಂಡತಿ ಕುಲ್ಸುಮ್ ಬಾಗಿಲ ಮರೆಯಲ್ಲಿ ನಿಂತು, “ಬೇಯಿಸಿದ್ದಲ್ಲ ಅಕ್ಕಾ, ತಗೊಳ್ರಿ,” ಎಂದು ಬಾಳೆಹಣ್ಣು, ಮಂಡಕ್ಕಿ ಕೊಟ್ಟಳು. ಗಾಡಿಯೊಳಗೆ ಇಣುಕಿ ಗೊಂಬೆಯನ್ನು ನೋಡಿ ಅವಳ ದನಿ ಇಳಿಯಿತು. “ಎಷ್ಟು ಸಣ್ಣ ಇದ್ದಾಳಲ್ಲ! ಅಲ್ಲಿ ಇವಳನ್ನ ಯಾರು ನೋಡ್ಕೊಳ್ತಾರೆ?”

“ಅದನ್ನೇ ನೋಡೂಕೆ ಹೊರಟದ್ದು ನಾ.”

“ಬರುವಾಗ ಹೇಳಿ ಹೋಗ್ರಿ. ಮರೀಬೇಡಿ,” ಎಂದಳು ಕುಲ್ಸುಮ್. ಗಾಡಿ ಹೊರಟ ಮೇಲೂ ಇನ್ನೊಮ್ಮೆ ಕೂಗಿ ಹೇಳಿದಳು.

ಸೋಂದಾ ದಾಟಿದ ಮೇಲೆ ಊರುಗಳು ವಿರಳವಾದವು, ಬಿದಿರು ದಟ್ಟವಾಯಿತು. ಯಲ್ಲಾಪುರ ಸೀಮೆಯೊಳಗೆ, ಉಮ್ಮಚಗಿಯಿಂದ ಇನ್ನೂ ಆಚೆ, ಒಂದು ಹಳ್ಳದಲ್ಲಿ ಮಾರಿ ನಿಂತೇ ಬಿಟ್ಟಳು. ಹಳ್ಳವೇ ಎರಡು ಊರುಗಳ ಗಡಿ. ಹಿಂದಿನ ಮಳೆಗಾಲದಲ್ಲಿ ಅದು ತನ್ನ ದಾರಿ ಬದಲಿಸಿತ್ತು. ತಂದವರು ಹಳೆಯ ಹರಿವನ್ನು ದಾಟಿ ಮರಳಿನ ಮೇಲೆ ಇಟ್ಟು ಹೋದರು. ಆಚೆಯವರು ಹೊಸ ಹರಿವಿನ ದಡದಲ್ಲಿ ನಿಂತು, “ನೀರು ದಾಟಿಲ್ಲ, ಅದಿನ್ನೂ ನಿಮ್ಮದೇ,” ಎಂದರು. ಈಚೆಯವರು ಓಡಿ ಬಂದು, “ನೀರಿನದು ಬಿಡ್ರೋ, ಕಲ್ಲು ನೋಡ್ರೋ,” ಎಂದರು. ಎರಡು ದಡದಿಂದಲೂ ಬೈಗುಳ ಶುರುವಾಯಿತು. ಮಾರಿ ನಡುವೆ ಬಿಸಿಲಲ್ಲಿ, ಪಕ್ಕದಲ್ಲಿ ದ್ಯಾವಮ್ಮ ತಲೆಗೆ ಸೆರಗು ಹೊದ್ದು.

ಮರುದಿನವೂ ಅದೇ ಹಾಡು. ಅಕ್ಕನ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಅನ್ನವನ್ನೂ ಯಾವ ದಡದವರೂ ತರಲಿಲ್ಲ, ತಂದರೆ ಮಾರಿ ತಮ್ಮದೆಂದು ಒಪ್ಪಿದ ಹಾಗಾಗುತ್ತದೆ. ಅವಳು ಎದ್ದು ಬುಟ್ಟಿಗೆ ಕೈ ಹಾಕಿದಳು. ಎತ್ತಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಮೊಣಕಾಲು ಮಡಚಿ ಮರಳಲ್ಲಿ ಕುಸಿದಳು. ದಡದಲ್ಲಿ ಯಾರೋ ನಕ್ಕರು.

ಆ ನಗು ಕೆರಿಯನಿಗೆ ನಾಟಿತು. ಈ ತನಕ ಅವನು ಬುಟ್ಟಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಕ್ಕನ ಹಿಂದೆ ಬಂದದ್ದು ನಿಜ, ಮಾರಿಯ ಹಿಂದೆ ಬಂದವನಲ್ಲ ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡಿದ್ದ. ಈಗ ಹೋಗಿ ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಎರಡೂ ದಡಗಳ ಬಾಯಿ ಒಟ್ಟಿಗೆ ಮುಚ್ಚಿತು. ನೀರಿಗಿಳಿದು ಆಚೆ ಏರುವಾಗ ಅವನಿಗೆ ಗೊತ್ತಾದದ್ದು, ಮಾರಿ ಒಂದು ಹಿಡಿ ಸೌದೆಯಷ್ಟೂ ಭಾರವಿಲ್ಲ ಎಂದು. ಇಷ್ಟಕ್ಕೆ ಇಷ್ಟು ಊರು ಡೋಲು ಬಡಿದು ಓಡಿದ್ದವೇ?

“ಬಾ ಅಕ್ಕಾ, ಮೆಲ್ಲಗೆ ನಡಿ,” ಎಂದ. “ಇಲ್ಲಿಂದ ಮುಂದೆ ಯಾರೂ ಹೊರೂದು ಬೇಡ. ನಾವೇ ಹೋಗಣ.”

ದ್ಯಾವಮ್ಮ ಅವನ ಹೆಗಲು ಹಿಡಿದುಕೊಂಡು ನಡೆದಳು. ಅವಳ ಕೈಯ ತೂಕ ಬೀಳುತ್ತಿದ್ದ ಆ ಹೆಗಲಿನಲ್ಲಿ ಅವನಿಗೆ ಎಂದೂ ಇಲ್ಲದ ಸುಖ ಇತ್ತು.

ದಾರಿ ಕಾಲುದಾರಿಯಾಯಿತು, ಕಾಲುದಾರಿ ಎಮ್ಮೆ ದಾರಿಯಾಯಿತು, ಎಮ್ಮೆ ದಾರಿ ಏಳೆಂಟು ಗುಡಿಸಲುಗಳ ಮುಂದೆ ನಿಂತುಹೋಯಿತು. ಕಾಡಿನಲ್ಲಿ ಎಮ್ಮೆ ಮೇಯಿಸುವ ಗೌಳಿಗರ ಕೇರಿ ಅದು. ಬಾಗಿಲಲ್ಲಿ ತುಪ್ಪ ಕಾಯಿಸುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತಿ ನೋಡಿ, ಹಣೆಯ ಬೆವರು ಒರೆಸಿಕೊಂಡು, ಪಕ್ಕದ ಮನೆಗೆ ಬಂದ ನೆಂಟರನ್ನು ಕಂಡಷ್ಟೇ ಸಲೀಸಾಗಿ, “ಆಲೀ ಕಾ? ಬಂದಳಾ?” ಎಂದಳು. ಅವಳ ಹೆಸರು ಠಕೂಬಾಯಿ. ಅರ್ಧ ಮರಾಠಿ, ಅರ್ಧ ಕನ್ನಡ ಅವಳ ಮಾತು.

ಕೇರಿಯ ಹಿಂದೆ ಹೊನ್ನೆಯ ಮರದ ಕೆಳಗೆ ಹುಲ್ಲು ಹೊದಿಸಿದ ಒಂದು ಸಣ್ಣ ಮಾಡು. ಅದರಡಿಯಲ್ಲಿ ಮಾರಿಯರು ಸಾಲಾಗಿ ಕೂತಿದ್ದರು. ಈಚೆಗೆ ಬಂದವರ ಮೈಮೇಲೆ ಇನ್ನೂ ಅರಿಶಿನವಿತ್ತು. ಹಿಂದಿನವರು ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದ್ದರು. ಇನ್ನೂ ಹಿಂದಿನವರನ್ನು ಗೆದ್ದಲು ತಿಂದು ಮಣ್ಣಿನ ಗುಪ್ಪೆ ಮಾತ್ರ ಉಳಿದಿತ್ತು. ಆ ಗುಪ್ಪೆಗಳಿಗೂ ಕುಂಕುಮ ಇತ್ತು. ಎಲ್ಲರ ಮುಂದೆಯೂ ಮುತ್ತುಗದ ದೊನ್ನೆಯಲ್ಲಿ ಹಾಲು.

ದ್ಯಾವಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು. “ನೀವು ಇವರನ್ನ ಮುಂದೆ ಸಾಗಿಸೂದಿಲ್ಲನ?”

“ಪುಢೇ ಗಾವ್ ನಾಹೀ. ಮುಂದೆ ಊರೇ ಇಲ್ಲ. ಯಾರಿಗೆ ಕೊಡೂದು? ಅದಕ್ಕೆ ಇಟ್ಕೊಂಡ್ವಿ.”

“ಹೆದರಿಕೆ ಆಗೂದಿಲ್ಲನ?”

“ಮೊದಲು ಬಂದಾಗ ನಮ್ಮ ಅತ್ತೆಯ ಅತ್ತೆಗೆ ಆಗಿತ್ತಂತೆ. ನಡೆದು ದಣಿದು ಬಂದಿದ್ದಾಳೆ ಅಂತ ಹಾಲು ಕೊಟ್ಟಳು. ಸುಮ್ಮನೆ ಕೂತಳು.”

“ನಿಮ್ಮಲ್ಲಿ ಸಿಡುಬು ಬರೂದಿಲ್ಲನ?” ಇದನ್ನು ಕೇಳಿದವನು ಕೆರಿಯ.

“ಬರ್ತದೆ,” ಎಂದಳು ಠಕೂಬಾಯಿ. “ಹೊರಗೆ ಹಾಕಿದ್ರೂ ನಿಮ್ಮೂರಿಗೆ ಬರ್ತದಲ್ಲ?”

ಕೆರಿಯ ತಲೆಯ ಮೇಲಿನ ಬುಟ್ಟಿ ಇಳಿಸಿದ. ಠಕೂಬಾಯಿ ಅಕ್ಕಿ, ಬೆಲ್ಲ, ಒಂದು ಅಡಿಕೆ ತಂದು ದ್ಯಾವಮ್ಮನ ಕೈಗಿಟ್ಟು, “ತವರಿನವಳು ನೀನು, ನೀನೇ ತುಂಬು,” ಎಂದಳು. ತಾನು ಗಂಡ ಸತ್ತವಳು, ತುಂಬುವಂತಿಲ್ಲ ಎಂದು ದ್ಯಾವಮ್ಮ ಹೇಳಿದಳು. ಆ ಮಾತು ಠಕೂಬಾಯಿಗೆ ಅರ್ಥವಾಗಲಿಲ್ಲವೋ, ಅರ್ಥವಾಗದವಳ ಹಾಗೆ ಮಾಡಿದಳೋ, ಕೈ ಹಿಡಿದು ಕೂರಿಸಿದಳು. ದ್ಯಾವಮ್ಮ ಉಡಿ ತುಂಬಿ, ಗೊಂಬೆಯನ್ನು ಸಾಲಿನ ತುದಿಯಲ್ಲಿ ಕೂರಿಸಿ, ಹಾಲಿನ ದೊನ್ನೆ ಇಟ್ಟಳು. ಆಗ ಅವಳಿಗೆ ಅಳು ಬಂತು. ಗಂಡ ಸತ್ತಾಗಲೂ ಅಷ್ಟು ಅತ್ತದ್ದನ್ನು ಕೆರಿಯ ಕಂಡಿರಲಿಲ್ಲ. ಸಂತೋಷಕ್ಕೂ ಮನುಷ್ಯರು ಹೀಗೆ ಅಳುತ್ತಾರೆಂದು ಅವನಿಗೆ ತಿಳಿದದ್ದು ಅಲ್ಲಿಯೇ.

ತಿರುಗಿ ಬರುವಾಗ ಜೋಲಿ ಇಲ್ಲ, ಡೋಲು ಇಲ್ಲ. ನಡೆದರು, ಕೂತರು, ಸಿಕ್ಕಿದ ಗಾಡಿ ಹತ್ತಿದರು. ಕುಲ್ಸುಮ್ ಬಾಗಿಲ ಮರೆ ಬಿಟ್ಟು ಅಂಗಳಕ್ಕೇ ಬಂದು ಎಲ್ಲವನ್ನೂ ಕೇಳಿ, ಹಾಲಿನ ಮಾತು ಬಂದಾಗ ಗಂಡನ ಕಡೆ ತಿರುಗಿ, “ಕೇಳಿದ್ರಾ?” ಎಂದಳು. ರಜಾಕ್ ಗಡ್ಡ ನೀವಿಕೊಂಡ. ಮುಂದೆ ಊರು ಹತ್ತಿರವಾದ ಹಾಗೆ ಕೆರಿಯನ ಹೆಜ್ಜೆ ಚಿಕ್ಕದಾಯಿತು. ಊರೊಳಗೆ ಬಿಡದಿದ್ದರೆ ಹೋಗುವುದೆಲ್ಲಿಗೆ? ದುರ್ಗಮ್ಮನನ್ನು, ಮಕ್ಕಳನ್ನು ಗಡಿಯಾಚೆಯಿಂದ ನೋಡಿ ಬದುಕುವುದು ಹೇಗೆ? ದ್ಯಾವಮ್ಮನೂ ಅಂದು ಮಾತು ಕಡಿಮೆ ಮಾಡಿದಳು. “ನಿನ್ನನ್ನ ಬಿಡಲಿ ಅಂತ ಕೇಳ್ಕಂತೆ. ನಂಗೆ ಆ ಗೌಳಿ ಕೇರಿ ಇದ್ದೇ ಇದ್ದು,” ಎಂದಳು. ಅವಳ ದನಿಯಲ್ಲಿ ಧೈರ್ಯಕ್ಕಿಂತ ದಣಿವು ಹೆಚ್ಚಿತ್ತು.

ಸುದ್ದಿ ಮೊದಲೇ ಮುಟ್ಟಿತ್ತು. ಗಡಿಕಲ್ಲಿನ ಹತ್ತಿರ ಪಟೇಲರು, ಅವರ ಹಿಂದೆ ಗಂಡಸರು, ಇನ್ನೂ ಹಿಂದೆ ಹೆಂಗಸರು.

“ಅಲ್ಲೇ ನಿಲ್ಲು ಕೆರಿಯಾ!”

ಕೆರಿಯ ನಿಂತ. ನಿಂತಲ್ಲಿಂದಲೇ ಎದುರು ಮಾತಾಡಿದ. “ಮಾರಿ ನಮ್ಮ ಬೆನ್ನಿಗೆ ಬಂದಿಲ್ಲ ಪಟೇಲ್ರೇ. ಅವಳಿಗೊಂದು ಮನೆ ಆಗಿದ್ದು. ಕೂರ್ಸಿ ಬಂದ್ವಿ.”

“ಕೂರ್ಸಿ ಬಂದ್ವಿ ಅಂತ ನೀ ಹೇಳ್ತೆ. ಬೆನ್ನಿಗೆ ಬಂದದ್ದು ಕಣ್ಣಿಗೆ ಕಾಣ್ತಾ? ತೊಟ್ಟಿಲು ಖಾಲಿ ಮಾಡ್ಕೊಂಡವ ನಾನು. ಇನ್ನೊಂದು ಮನೇದು ಖಾಲಿ ಆಗೂಕೆ ಬಿಡೂದಿಲ್ಲೆ. ನಡಿರಿ ಇಲ್ಲಿಂದ.” ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದುರ್ಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ದ್ಯಾವಮ್ಮ ತಮ್ಮನ ಹೆಗಲಿನಿಂದ ಕೈ ತೆಗೆದು, ಬಂದ ದಾರಿಗೆ ತಿರುಗಿದಳು.

ಆಗ ಹೆಂಗಸರ ಗುಂಪಿನಿಂದ ಪರಿಮಳಾ ಮುಂದೆ ಬಂದರು. ಮಗು ಹೋದ ಮೇಲೆ ಅವರು ಮನೆಯೊಳಗೂ ಮಾತಾಡಿದ್ದು ಅಷ್ಟಕ್ಕಷ್ಟೆ. ಗಂಡಸರ ನಡುವೆ ದಾರಿ ಮಾಡಿಕೊಂಡು ಬಂದು, ಗಂಡನನ್ನೂ ದಾಟಿ, ಗಡಿಕಲ್ಲನ್ನೂ ದಾಟಿ, ಆಚೆ ಹೋಗಿ ನಿಂತರು.

“ದ್ಯಾವಮ್ಮಾ, ಹ್ಯಾಂಗಿದ್ದಾಳೆ ಅವಳು?”

ದ್ಯಾವಮ್ಮ ತಿರುಗಿದಳು.

“ಅಲ್ಲಿ ಅವಳಿಗೆ ಉಂಬಲೆ ಕೊಡ್ತಾರಾ?”

“ಹಾಲು ಕೊಡ್ತಾರೆ ಅಮ್ಮಾ. ದಿನಾ ಕೊಡ್ತಾರೆ. ನಮ್ಮವಳನ್ನ ಸಾಲಿನ ತುದೀಲಿ ಕೂರ್ಸಿದೆ. ಒಬ್ಬಳೇ ಅಲ್ಲ, ಅಲ್ಲಿ ಬಾಳ ಜನ ಇದ್ದಾರೆ.”

ಪರಿಮಳಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಗು ಹೋದಾಗ ಬಾರದ ಅಳು ಆಗ ಬಂತು. ಅದು ಯಾರಿಗಾಗಿ ಎಂದು ಅಲ್ಲಿದ್ದ ಒಬ್ಬ ಹೆಂಗಸೂ ಕೇಳಲಿಲ್ಲ. ಒಬ್ಬೊಬ್ಬರೇ ಕಲ್ಲು ದಾಟಿ ಬಂದು ದ್ಯಾವಮ್ಮನ ಸುತ್ತ ನಿಂತರು. ದಾರಿ ಎಷ್ಟು ದೂರ, ಬಿಸಿಲಿತ್ತೋ, ಖಣ ಹರಿಯಲಿಲ್ಲವಷ್ಟೆ, ಮಾಡಿಗೆ ಹುಲ್ಲು ಗಟ್ಟಿ ಇದೆಯೋ, ಮಳೆಗೆ ಸೋರುವುದಿಲ್ಲವಷ್ಟೆ. ಕಳಿಸಿದ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಗಳು. ಕಳಿಸಿದ ದಿನದಿಂದ ಎಂದೆನೇ? ಅವರ ತಾಯಂದಿರ, ಅಜ್ಜಿಯರ ಕಾಲದಿಂದ.

ಪರಿಮಳಾ ಕಣ್ಣೊರೆಸಿಕೊಂಡರು. ಮಡಿ ನೋಡಲಿಲ್ಲ, ಜಾತಿ ನೋಡಲಿಲ್ಲ, ದ್ಯಾವಮ್ಮನ ಕೈ ಹಿಡಿದರು. “ನಡಿ, ಬಿಸಿಲಲ್ಲಿ ಎಂತಕ್ಕೆ? ನಮ್ಮನೆ ಜಗಲಿಲಿ ಕೂತು ಮೊದಲಿಂದ ಹೇಳು.”

ಆ ಕೈ ಬಿಡದೆ ಇಬ್ಬರೂ ಕಲ್ಲು ದಾಟಿ ಊರೊಳಗೆ ನಡೆದರು, ಹಿಂದೆ ಹೆಂಗಸರೆಲ್ಲ. ಪಟೇಲರು ಪಕ್ಕಕ್ಕೆ ಸರಿದು ನಿಂತರು. ಕೊನೆಗೆ ಉಳಿದ ಕೆರಿಯ ಅವರ ಮುಂದೆ ಹಾದು ಹೋಗುವಾಗ ಅವರು ತಗ್ಗಿದ ದನಿಯಲ್ಲಿ, “ಹಾಲು ಕೊಡ್ತಾರೆ ಅಂದ್ಲಲ್ಲ, ಎಮ್ಮೇದಾ?” ಎಂದು ಕೇಳಿದರು.

“ಹೌದು ಒಡೆಯಾ, ಎಮ್ಮೇದು,” ಎಂದ ಕೆರಿಯ. “ಆಗಷ್ಟೇ ಕರೆದದ್ದು.”